ಹದಿನೆಂಟು ಸಾವಿರದ ದೋಸೆಹಿಟ್ಟು

ಹನುಮಂತನಗರದ ಇಳಿಜಾರು ರಸ್ತೆಯೊಂದರಲ್ಲಿ ವಾಣಿ ದೋಸೆಹಿಟ್ಟು ಮಾರುತ್ತಿದ್ದಳು. ಅವಳ ಮೇಜಿನ ಮೇಲೊಂದು ಸೌಂಡ್ ಬಾಕ್ಸು. ಯಾರು ಫೋನಿನಲ್ಲಿ ದುಡ್ಡು ಹಾಕಿದರೂ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ನಲವತ್ತು ರೂಪಾಯಿ, ಎಂಬತ್ತು ರೂಪಾಯಿ, ಮನೆಗೆ ನೆಂಟರು ಬಂದಿದ್ದರೆ ನೂರಿಪ್ಪತ್ತು. ಅಂಥ ಪೆಟ್ಟಿಗೆ ಒಂದು ಮಂಗಳವಾರ ಬೆಳಿಗ್ಗೆ, ನಾಲ್ಕು ಜನ ಪಾತ್ರೆ ಹಿಡಿದು ನಿಂತಿರುವಾಗ, "ಹದಿನೆಂಟು ಸಾವಿರ ರೂಪಾಯಿ ಸ್ವೀಕರಿಸಲಾಗಿದೆ" ಅಂದುಬಿಟ್ಟಿತು.

"ಏನ್ ವಾಣಿ, ಊರಿಗೆಲ್ಲಾ ದೋಸೆ ಹಾಕಿಸ್ತಿರೋರು ಯಾರು?" ಅಂತ ಒಬ್ಬರು ನಕ್ಕರು.

ವಾಣಿ ಫೋನ್ ನೋಡಿದಳು. ಲಕ್ಷ್ಮೀದೇವಮ್ಮ ಅಂತ ಹೆಸರಿತ್ತು. ಯಾವ ಲಕ್ಷ್ಮೀದೇವಮ್ಮ? ಅಷ್ಟರಲ್ಲಿ ತಮ್ಮ ನಿಶಾಂತ ಬಾಯಲ್ಲಿ ಬ್ರಶ್ ಇಟ್ಟುಕೊಂಡೇ ಒಳಗಿಂದ ಬಂದು, "ಅದು ನಂದೇ ಅಕ್ಕಾ" ಅಂದ.

ನಂದು ಅಂದರೆ ಏನು ಎತ್ತ ಅಂತ ವಿಚಾರಿಸುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅದಕ್ಕೆ ಕಾರಣ ಅವರಮ್ಮ ಅಕ್ಕಯಮ್ಮ. ಮಾವಳ್ಳಿಯಲ್ಲಿ ಬುಟ್ಟಿ ಹೊತ್ತು ಸೊಪ್ಪು ಮಾರಿ ಇಬ್ಬರನ್ನೂ ಸಾಕಿದ ಆಕೆ ಒಂದು ಬಿಸ್ಕತ್ತಿನ ಡಬ್ಬ ಇಟ್ಟಿದ್ದಳು. ಯಾರು ದುಡಿದರೂ ಅದಕ್ಕೇ ಹಾಕಬೇಕು, ಯಾರಿಗೆ ಬೇಕಾದರೂ ಅದರಿಂದಲೇ ತೆಗೆಯಬೇಕು. ಕೇಳೋ ಹಾಗಿಲ್ಲ, ಎಣಿಸೋ ಹಾಗಿಲ್ಲ. "ಒಡಹುಟ್ಟಿದೋರು ಲೆಕ್ಕ ಇಟ್ಟ ದಿನಾನೇ ಒಲೆ ಎರಡಾಗೋದು" ಅನ್ನುತ್ತಿದ್ದಳು ಪುಣ್ಯಾತ್ಗಿತ್ತಿ. ಆಕೆ ಹೋದಮೇಲೆ ಡಬ್ಬ ಅಟ್ಟಕ್ಕೆ ಹೋಯಿತು. ವಾಣಿಯ ಬ್ಯಾಂಕ್ ಖಾತೆಯೇ ಡಬ್ಬವಾಯಿತು. ಅವಳ ಫೋನಿನ ಪಿನ್ನು ತಮ್ಮನಿಗೆ ಗೊತ್ತು. ಗಂಡನ ಮನೆ ಬಿಟ್ಟು ಬಂದು ಹನ್ನೊಂದು ವರ್ಷವಾಗಿದ್ದ ಅವಳಿಗೆ ಇದ್ದವನೂ ಅವನೊಬ್ಬನೇ.

ಹಾಗಿದ್ದರೂ ಅವತ್ತು ಕೇಳಿದಳು. ಹದಿನೆಂಟು ಸಾವಿರವಲ್ಲವೇ.

"ಕ್ರಿಪ್ಟೋ ಮಾರ್ದೆ ಅಕ್ಕಾ," ಅಂದ ನಿಶಾಂತ. ಚಾಮರಾಜಪೇಟೆಯ ಪ್ರೆಸ್ಸೊಂದರಲ್ಲಿ ಮದುವೆ ಕಾರ್ಡು ಡಿಸೈನ್ ಮಾಡುವವನು, ಅಲ್ಲಿ ಕೂತು ಇದನ್ನು ಕಲಿತಿದ್ದ. "ಎಕ್ಸ್‌ಚೇಂಜಲ್ಲಿ ಮಾರಿದ್ರೆ ನೂರಕ್ಕೊಂದ್ರೂಪಾಯಿ ಅಲ್ಲೇ ಹಿಡ್ಕೋತಾರೆ. ಲಾಭ ಬಂದ್ರೆ ಮೂವತ್ತು ಪರ್ಸೆಂಟ್ ಟ್ಯಾಕ್ಸು. ಲಾಸಾದ್ರೆ ಕೇಳೋರಿಲ್ಲ. ಫಾರಿನ್ ಸೈಟುಗಳನ್ನ ಬ್ಲಾಕ್ ಮಾಡಿದಾರೆ. ಅದಕ್ಕೇ ಗ್ರೂಪಲ್ಲಿ ಒಬ್ಬನಿಗೆ ನೇರವಾಗಿ ಮಾರ್ಬಿಟ್ಟೆ. ಒಳ್ಳೆ ರೇಟ್ ಕೊಟ್ಟ."

"ಯಾರವನು?"

"ಹೆಸರು ಗೊತ್ತಿಲ್ಲ."

"ಲಕ್ಷ್ಮೀದೇವಮ್ಮ ಅಂತಿದೆಯಲ್ಲೋ?"

"ಅವನ ಅಮ್ಮ ಇರ್ಬೇಕು ಬಿಡಕ್ಕಾ."

"ನಿನ್ನ ಅಕೌಂಟಿಗೇ ಹಾಕಿಸ್ಕೋಬೇಕಿತ್ತು."

"ನಂದಕ್ಕೆ ಬಂದ್ರೆ ಬ್ಯಾಂಕೋರು ನೂರೆಂಟು ಪ್ರಶ್ನೆ ಕೇಳ್ತಾರೆ. ನಿಂದಕ್ಕೆ ದಿನಾ ನೂರು ಜನ ಹಾಕ್ತಾರೆ. ಹಿಟ್ಟಿನ ದುಡ್ಡಲ್ಲಿ ಇದೂ ಒಂದು."

ಹಿಟ್ಟಿನ ದುಡ್ಡಂತೆ! ಅವನ ಬುದ್ಧಿಗಿಷ್ಟು. ಆದರೆ ವಾಣಿಯ ತಲೆ ಬೇರೆ ಕಡೆ ಇತ್ತು. ಮೆಟ್ಟಿಲ ಕೆಳಗೆ ಅವಳು ಓಡಿಸುತ್ತಿದ್ದ ಎರಡು ದೊಡ್ಡ ಗ್ರೈಂಡರಿನ ಸದ್ದಿಗೆ ಮನೆ ಓನರ್ ಬೇಸತ್ತು, ತಿಂಗಳ ಕೊನೆಯೊಳಗೆ ಮೆಷಿನ್ ಎತ್ತಬೇಕು ಅಂದಿದ್ದರು. ಪುಣ್ಯಕ್ಕೆ ಮುಖ್ಯರಸ್ತೆಯಲ್ಲಿ ವಿಶ್ವಾರಾಧ್ಯರ ಮಳಿಗೆಯೊಂದು ಖಾಲಿಯಾಗಿತ್ತು. ಎರಡು ಲಕ್ಷ ಅಡ್ವಾನ್ಸು. ಆರು ವರ್ಷ ಅಕ್ಕಿ ತೊಳೆದು, ಉದ್ದು ರುಬ್ಬಿ, ಖಾತೆಯಲ್ಲಿ ಎರಡು ಲಕ್ಷದ ಹನ್ನೆರಡು ಸಾವಿರ ಕೂಡಿಸಿದ್ದಳು. ಮುಂದಿನ ವಾರ ಗುರುವಾರ ಕೊಡುತ್ತೇನೆಂದು ಮಾತೂ ಆಗಿತ್ತು.

ಅವತ್ತೇ ಮಧ್ಯಾಹ್ನ ಒಂದು ಫೋನ್ ಬಂತು. ಹೆಂಗಸಿನ ದನಿ, ಅಳುತ್ತಿತ್ತು. "ತಾಯೀ, ಹದಿನೆಂಟು ಸಾವಿರ ನಿಮಗೆ ಬಂತಲ್ಲ, ಅದು ನಂದು. ಮೋಸ ಮಾಡಿ ನಿಮ್ಮ ನಂಬರಿಗೆ ಹಾಕಿಸಿದ್ರು. ವಾಪಸ್ ಹಾಕ್ರಮ್ಮ, ಕಾಲಿಗೆ ಬೀಳ್ತೀನಿ."

ವಾಣಿಗೆ ಮೈಯೆಲ್ಲ ಉರಿದುಹೋಯಿತು. ಇಂಥ ಫೋನುಗಳ ಬಗ್ಗೆ ಎಷ್ಟು ಕೇಳಿರಲಿಲ್ಲ ಅವಳು! ತಪ್ಪಿ ದುಡ್ಡು ಬಂದಿದೆ ಅಂತ ಅಳ್ತಾರೆ, ವಾಪಸ್ ಹಾಕೋಕೆ ಹೋದ್ರೆ ಖಾತೆ ಗುಡಿಸಿ ಹಾಕ್ತಾರೆ. ಯಾರಿಗೆ ಫೋನ್ ಮಾಡಿದರೂ ಗಂಟೆ ಬಡಿಯುವ ಮೊದಲು ಅದೇ ಎಚ್ಚರಿಕೆಯ ಪುರಾಣ. "ನಾಚ್ಕೆ ಆಗಲ್ವೇನ್ರೀ ನಿಮಗೆ? ಹೆಂಗಸಾಗಿ ಈ ಕೆಲಸಕ್ಕೆ ಇಳಿದಿದೀರಲ್ಲ! ದುಡಿದು ತಿನ್ರೀ!" ಅಂತ ಚೆನ್ನಾಗಿ ಉಗಿದು ಆ ನಂಬರನ್ನು ಬ್ಲಾಕ್ ಮಾಡಿದಳು. ಸಂಜೆ ಹಿಟ್ಟಿಗೆ ಬಂದವರಿಗೆಲ್ಲ ಅದನ್ನು ಹೇಳಿ ಶಹಬ್ಬಾಸ್ ಅನ್ನಿಸಿಕೊಂಡಳು.

ಗುರುವಾರ ವಿಶ್ವಾರಾಧ್ಯರ ಮನೆಯಲ್ಲಿ ಕಾಫಿ ಕುಡಿದು, ಕರಾರುಪತ್ರ ಓದಿಸಿಕೊಂಡು, ಫೋನಿನಲ್ಲಿ ಎರಡು ಲಕ್ಷ ಒತ್ತಿದಳು. ಹೋಗಲಿಲ್ಲ. ಮತ್ತೆ ಒತ್ತಿದಳು. ಹೋಗಲಿಲ್ಲ.

"ಸರ್ವರ್ ಡೌನ್ ಇರತ್ತೆ ಬಿಡಮ್ಮ," ಅಂದರು ವಿಶ್ವಾರಾಧ್ಯ. "ಸೋಮವಾರದವರೆಗೆ ಬೇರೆ ಯಾರಿಗೂ ಕೊಡಲ್ಲ. ಆದ್ರೆ ಸೋಮವಾರ ಅಂದ್ರೆ ಸೋಮವಾರ."

ಬ್ಯಾಂಕಿನಲ್ಲಿ ಶರಣ್ಯ ಎನ್ನುವ ಹುಡುಗಿ ಕಂಪ್ಯೂಟರ್ ನೋಡಿ ದನಿ ತಗ್ಗಿಸಿದಳು. "ನಿಮ್ಮ ಖಾತೆಗೆ ತಡೆ ಬಿದ್ದಿದೆ ಮೇಡಂ. ಚಳ್ಳಕೆರೆ ಕಡೆ ಒಬ್ಬರು ಸೈಬರ್ ಪೊಲೀಸಿಗೆ ಕಂಪ್ಲೇಂಟ್ ಕೊಟ್ಟಿದಾರೆ. ಲಕ್ಷ್ಮೀದೇವಮ್ಮ ಅಂತ. ಹದಿನೆಂಟು ಸಾವಿರ."

 ಫೋನಿನ ಆ ಅಳು ವಾಣಿಯ ಕಿವಿಯಲ್ಲಿ ಮತ್ತೆ ಕೇಳಿದ ಹಾಗಾಯಿತು.

"ಹದಿನೆಂಟು ಸಾವಿರ ತಾನೇ? ಅದು ನನ್ನ ತಮ್ಮ ಕ್ರಿಪ್ಟೋ ಮಾರಿದ್ದಂತೆ. ಅಷ್ಟು ಹಿಡ್ಕೊಳ್ಳಿ. ಮಿಕ್ಕಿದ್ದು ನಾನು ರುಬ್ಬಿದ್ದು ಕಣಮ್ಮ."

"ಪೂರ್ತಿ ಖಾತೆ ನಿಲ್ಸಿ ಅಂತ ಬಂದಿದೆ ಮೇಡಂ, ನಮ್ಮ ಕೈಲೇನಿಲ್ಲ. ದುಡ್ಡು ಒಳಗೆ ಬರತ್ತೆ, ಹೊರಗೆ ಹೋಗಲ್ಲ. ಕ್ರಿಪ್ಟೋ ಮಾರಿದೋರದ್ದು ಇಂಥವು ಬರ್ತಾನೇ ಇರತ್ತೆ. ಕೊಂಡುಕೊಳ್ಳೋನು ಕಳ್ಳ ಆಗಿರ್ತಾನೆ, ಇನ್ಯಾರಿಗೋ ಟೋಪಿ ಹಾಕಿ ಅವರ ಕೈಲಿ ನಿಮಗೆ ದುಡ್ಡು ಹಾಕಿಸ್ತಾನೆ. ದೂರು ಕೊಟ್ಟೋರು ಒಪ್ಪಿ ಬರೆದುಕೊಟ್ರೆ ಸ್ವಲ್ಪ ಬೇಗ ಆಗ್ಬೋದು."

ವಾಣಿ ಮನೆಗೆ ಬಂದು ನಿಶಾಂತನನ್ನು ಹಿಡಿದುಕೊಂಡಳು. "ಟ್ಯಾಕ್ಸ್ ಉಳಿಸೋಕೆ ಹೋಗಿ ನನ್ನ ಅಂಗಡಿಗೆ ಕಲ್ಲು ಹಾಕಿದೆಯಲ್ಲೋ! ನೂರಕ್ಕೊಂದು ಅಂದ್ರೆ ಎಷ್ಟಾಗ್ತಿತ್ತೋ? ಹದಿನೆಂಟು ಸಾವಿರಕ್ಕೆ ನೂರೆಂಬತ್ತು ರೂಪಾಯಿ! ನಾಲ್ಕೂವರೆ ಪ್ಯಾಕೆಟ್ ಹಿಟ್ಟು ಕಣೋ!"

"ನಾನೇನ್ ಮಾಡ್ಲಿ ಅಕ್ಕಾ, ಸರ್ಕಾರ ಸರಿಯಾಗಿ ಮಾರೋಕೆ ಬಿಟ್ಟಿದ್ರೆ ನಾನ್ಯಾಕೆ ಹಿಂಬಾಗಿಲಿಗೆ ಹೋಗ್ತಿದ್ದೆ?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದೇ ಅವಳಿಗೆ ಇನ್ನೂ ಉರಿ. ಮುಂಬಾಗಿಲಿಗೆ ಮುಳ್ಳುಬೇಲಿ ಹಾಕಿದವರು ಹಿತ್ತಲು ನೋಡಿಕೊಳ್ಳಬೇಡವೇ? ನುಗ್ಗಿದವನು ಇವನು, ಸಿಕ್ಕಿಬಿದ್ದವಳು ಹಿಟ್ಟಿನವಳು.

ಮಾರನೆಯ ದಿನ ಬೆಳಿಗ್ಗೆಯೂ ಸೌಂಡ್ ಬಾಕ್ಸು ಎಂದಿನಂತೆ ಖುಷಿಯಿಂದ ಕೂಗುತ್ತಿತ್ತು. ನಲವತ್ತು ರೂಪಾಯಿ. ಎಂಬತ್ತು ರೂಪಾಯಿ. ಒಂದೊಂದು ಕೂಗಿಗೂ ಅವಳ ಹಿಟ್ಟು ಪುಕ್ಕಟೆಯಾಗಿ ಬೀಗದೊಳಗೆ ಬೀಳುತ್ತಿತ್ತು. ಹತ್ತು ಗಂಟೆಗೆ ತಾಳ್ಮೆ ಕೆಟ್ಟು ಅದರ ವೈರು ಕಿತ್ತಳು, ಕ್ಯೂಆರ್ ಕೋಡಿನ ಮೇಲೆ 'ಕ್ಯಾಶ್ ಮಾತ್ರ' ಅಂತ ಚೀಟಿ ಅಂಟಿಸಿದಳು.

"ಟ್ಯಾಕ್ಸ್ ನೋಟೀಸಿಗೆ ಹೆದರ್ಕೊಂಡ್ಯಾ ವಾಣಿ? ಜೋರಾಗಿ ದುಡ್ಡು ಮಾಡಿದೀಯ ಅನ್ನು!" ಅಂತ ಕಣ್ಣು ಮಿಟುಕಿಸಿದರು ಬಂದವರು. ಅರ್ಧ ಜನ ಚಿಲ್ಲರೆಯಿಲ್ಲವೆಂದು ಮುಂದಿನ ಅಂಗಡಿಗೆ ಹೋದರು. ಬಂದ ಪುಡಿಗಾಸಿಗೆ ಜಾಗ ಬೇಕಲ್ಲ, ಅಟ್ಟದಿಂದ ಅಮ್ಮನ ಬಿಸ್ಕತ್ತಿನ ಡಬ್ಬ ಮತ್ತೆ ಕೆಳಗಿಳಿಯಿತು.

ಮಧ್ಯಾಹ್ನ ಬ್ಲಾಕ್ ತೆಗೆದು ಆ ನಂಬರಿಗೆ ಫೋನ್ ಮಾಡಿದಳು. ಎತ್ತಿದ ಹೆಂಗಸು ಮೊದಲಿಗೇ ಕೇಳಿದಳು: "ಅವತ್ತು ನನಗೆ ನಾಚ್ಕೆ ಆಗಲ್ವಾ ಅಂದೋರು ನೀವೇ ಅಲ್ವಾ?"

"ಹೂಂ," ಅಂದಳು ವಾಣಿ. ಎಂದೂ ಅಷ್ಟು ಸಣ್ಣವಳಾಗಿರಲಿಲ್ಲ ಅವಳು. "ತಪ್ಪಾಯ್ತಮ್ಮ."

ಲಕ್ಷ್ಮೀದೇವಮ್ಮ ಅಂಗನವಾಡಿಯಲ್ಲಿ ಸಹಾಯಕಿ. ಮನೆಯಲ್ಲೇ ಕೂತು ಫೋನಿನಲ್ಲಿ ಕೆಲಸ, ಮೊದಲು ಡಿಪಾಸಿಟ್ ಕಟ್ಟಬೇಕು ಅಂತ ನಂಬಿಸಿದ್ದರು. ಕೂಡಿಟ್ಟಿದ್ದನ್ನೆಲ್ಲ ಕಟ್ಟಿದ್ದಳು, ಗಂಡನಿಗೂ ಹೇಳದೆ. "ನೀವು ಫೋನ್ ಕಟ್ ಮಾಡಿದ್ಮೇಲೆ ಠಾಣೆಗೆ ಹೋದೆ ಕಣ್ರೀ. ಹದಿನೆಂಟಕ್ಕೂ ಎಳ್ಳುನೀರು ಅಂದ್ಕೊಂಡಿದ್ದೆ. ಮೊನ್ನೆ ಬುಧವಾರ ಮಧ್ಯಾಹ್ನ ಅವರೇ ಫೋನ್ ಮಾಡಿ, ಆ ಖಾತೆ ನಿಲ್ಸಿದೀವಿ, ದುಡ್ಡು ಅಲ್ಲೇ ಇದೆ ಅಂದ್ರು. ಎಂಟು ದಿನದ ಮೇಲೆ ಅವತ್ತೇ ನಾನು ಹೊಟ್ಟೆತುಂಬ ಉಂಡಿದ್ದು."

ವಾಣಿಗೆ ಬೈಯಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಆ ಹೆಂಗಸಿನ ಹೊಟ್ಟೆ ತುಂಬಿಸಿದ ಬೀಗವೇ ತನ್ನ ಹೊಟ್ಟೆಯ ಮೇಲೆ ಕೂತಿದೆ. ಇನ್ನು ಯಾರಿಗೆ ಅಂತ ಶಾಪ ಹಾಕುವುದು?

ಸಂಜೆಯೇ ನಿಶಾಂತನ ಫೋನನ್ನು ಕಿತ್ತುಕೊಂಡು ಮಾರಿಸಿದಳು. ಅವನು ಮಗುವಿನ ಹಾಗೆ ರಂಪ ಮಾಡಿದ, ಅವಳು ಜಗ್ಗಲಿಲ್ಲ. ಹದಿನಾಲ್ಕು ಸಾವಿರ ಬಂತು, ಡಬ್ಬದ ಪುಡಿಗಾಸು, ಅಕ್ಕಿಗೆಂದು ಮನೆಯಲ್ಲಿಟ್ಟಿದ್ದ ನೋಟು ಎಲ್ಲ ಕೂಡಿಸಿ ನಾಲ್ಕು ಸಾವಿರ ಸೇರಿಸಿ ಲಕ್ಷ್ಮೀದೇವಮ್ಮನ ಖಾತೆಗೆ ಕಟ್ಟಿದಳು. ಆಕೆ ಶನಿವಾರವೇ ಠಾಣೆಗೆ ಹೋಗಿ ಒಪ್ಪಿಗೆ ಬರೆದುಕೊಟ್ಟಳು. ಕಾಗದ ಸಾಹೇಬರ ಮೇಜಿಗೆ ಹೋಯಿತು. ಸಾಹೇಬರು ಬಂದೋಬಸ್ತಿಗೆ ಹೋಗಿದ್ದರು.

ಸೋಮವಾರ ಬಂತು. "ಇನ್ನೊಂದು ವಾರ ಕೊಡಿ ಸ್ವಾಮಿ," ಅಂತ ವಿಶ್ವಾರಾಧ್ಯರ ಮುಂದೆ ಕೈಮುಗಿದು ನಿಂತಳು. ಅವರು ಕನ್ನಡಕ ತೆಗೆದು ಒರೆಸಿದರು. "ಪೊಲೀಸು ಗಿಲೀಸು ಅಂತ ಕಿವಿಗೆ ಬಿತ್ತಮ್ಮ. ನೀನು ಒಳ್ಳೆಯವಳೇ. ಆದ್ರೆ ನಮ್ಮದು ಮರ್ಯಾದಸ್ಥರ ಕಟ್ಟಡ." ಆ ವಾರವೇ ಮಳಿಗೆಯಲ್ಲಿ ಫೋನ್ ಕವರ್ ಮಾರುವವನು ಬಣ್ಣಬಣ್ಣದ ದೀಪ ಹಾಕಿಕೊಂಡು ಕೂತ.

ತಿಂಗಳ ಕೊನೆಗೆ ಗ್ರೈಂಡರುಗಳು ಟೆಂಪೋ ಹತ್ತಿ ತರಗುಪೇಟೆಗೆ ಹೋದವು. ಅವಳಿಗೆ ಅಕ್ಕಿ, ಉದ್ದಿನಬೇಳೆ ಕೊಡುತ್ತಿದ್ದ ರಾಮಾನುಜ, ಗೋಡೌನಿನ ಹಿಂಬದಿಯಲ್ಲಿ ಮೂಟೆಗಳ ಸಂದಿಯಲ್ಲಿ ಒಂದಿಷ್ಟು ಜಾಗ ಬಿಟ್ಟುಕೊಟ್ಟ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ರುಬ್ಬಿ, ಆಟೋದಲ್ಲಿ ಕ್ಯಾನು ಹೇರಿಕೊಂಡು ಬರುವಷ್ಟರಲ್ಲಿ ಹನುಮಂತನಗರದವರು ತಿಂಡಿ ತಿಂದು ಕೈತೊಳೆದಿರುತ್ತಿದ್ದರು. ವ್ಯಾಪಾರ ಅರ್ಧಕ್ಕಿಳಿಯಿತು.

ಇಪ್ಪತ್ತೆರಡನೆಯ ದಿನ ಶರಣ್ಯ ಫೋನ್ ಮಾಡಿದಳು. "ತಡೆ ತೆಗೆದಿದಾರೆ ಮೇಡಂ. ನಿಮ್ಮ ದುಡ್ಡು ಒಂದು ಪೈಸೆನೂ ಹೋಗಿಲ್ಲ."

ಒಂದು ಪೈಸೆಯೂ ಹೋಗಿಲ್ಲವಂತೆ. ಅಂಗಡಿ ಹೋಯಿತಲ್ಲ ತಾಯಿ, ಅಂದುಕೊಂಡಳು ವಾಣಿ. ಆ ಹುಡುಗಿಗೆ ಮಾತ್ರ ಥ್ಯಾಂಕ್ಸ್ ಹೇಳಿದಳು.

ಮರುದಿನ, ಬಸ್ಸಿಗೆ ಹೊರಡುವ ಹೊತ್ತು. ಯಾವತ್ತೂ ಏಳದವನು ಎದ್ದು ಕೂತು ನಿಶಾಂತ ಸಮಾಧಾನ ಹೇಳಲು ಬಂದ. "ಬೇಜಾರ್ ಮಾಡ್ಕೋಬೇಡ ಅಕ್ಕಾ, ಆಗಿದ್ದೆಲ್ಲಾ ಒಳ್ಳೇದಕ್ಕೇ. ನಾನು ಮಾರಿದ್ನಲ್ಲ, ಆ ಕಾಯಿನ್ ಈಗ ನೆಲಕಚ್ಚಿದೆ. ಪ್ರೆಸ್ಸಲ್ಲಿ ಹಾಕಿದೋರೆಲ್ಲಾ ತಲೆ ಮೇಲೆ ಕೈಹೊತ್ತು ಕೂತಿದಾರೆ. ಖಾತೆ ನಿಂತಿದ್ದಕ್ಕೆ ನಾವು ಬಚಾವ್. ಇಲ್ದಿದ್ರೆ ನಂದೂ ಒಂದು ಲಕ್ಷ ಮುಳುಗ್ತಿತ್ತು."

ವಾಣಿ ಚಪ್ಪಲಿ ಮೆಟ್ಟುತ್ತಿದ್ದವಳು ತಲೆ ಎತ್ತಿದಳು. "ಯಾವ ಲಕ್ಷ?"

ನಿಶಾಂತ ಮುಖ ತಿರುಗಿಸಿ ಶೆಲ್ಫಿನ ಮೇಲೆ ಏನೋ ಹುಡುಕತೊಡಗಿದ.

"ಯಾವ ಲಕ್ಷ ಅಂದೆ."

"ಅದೇ... ಖಾತೇಲಿತ್ತಲ್ಲ. ಆ ಬುಧವಾರ ಸಂಜೆ ನಿನ್ನ ಫೋನ್ ತಗೊಂಡಿದ್ನಲ್ಲ, ಆವಾಗ ಹಾಕೋಕೆ ನೋಡ್ದೆ. ಹೋಗ್ಲಿಲ್ಲ. ಎರಡೇ ವಾರ ಅಕ್ಕಾ, ಡಬಲ್ ಮಾಡಿ ಇಟ್ಬಿಡ್ತಿದ್ದೆ. ನಿನಗೆ ಗೊತ್ತೂ ಆಗ್ತಿರ್ಲಿಲ್ಲ."

ಬುಧವಾರ. ಗುರುವಾರ ಅವಳು ಹೊಸ ಸೀರೆಯುಟ್ಟು ವಿಶ್ವಾರಾಧ್ಯರ ಮನೆಗೆ ಹೋಗಿದ್ದಳು. ಹೊರಡುವಾಗ ಇವನು, "ಆಲ್ ದಿ ಬೆಸ್ಟ್ ಅಕ್ಕಾ" ಅಂದಿದ್ದ.

ಇಪ್ಪತ್ತೆರಡು ದಿನ ಅವಳು ಸರ್ಕಾರಕ್ಕೆ ಹಿಡಿಹಿಡಿ ಶಾಪ ಹಾಕಿದ್ದಳು. ಅವರು ಬೀಗ ಜಡಿಯದೇ ಇದ್ದಿದ್ದರೂ ಆ ಗುರುವಾರ ಅಡ್ವಾನ್ಸಿಗೆ ದುಡ್ಡು ಕಮ್ಮಿಯೇ ಬೀಳುತ್ತಿತ್ತು. ಅಂಗಡಿಯೂ ಹೋಗುತ್ತಿತ್ತು, ಲಕ್ಷವೂ ಹೋಗುತ್ತಿತ್ತು. ಕಳ್ಳರಿಗೆಂದು ಹಾಕಿದ ಬೀಗ ಅವಳ ದುಡ್ಡನ್ನು ಅವಳ ಮನೆಯವನಿಂದಲೇ ಕಾದಿತ್ತು. ಅದನ್ನು ನೆನೆಸಿಕೊಂಡು ಸಂತೋಷ ಪಡಬೇಕೋ, ಅವನ ಕಪಾಳಕ್ಕೆ ಬಾರಿಸಬೇಕೋ ತಿಳಿಯದೆ ಅವಳು ಒಂದು ಚಪ್ಪಲಿ ಮೆಟ್ಟಿಕೊಂಡು ಹಾಗೇ ನಿಂತಿದ್ದಳು.

"ಬಿಡಕ್ಕಾ, ಹೋಗ್ಲಿಲ್ವಲ್ಲ," ಅನ್ನುತ್ತಾ ನಿಶಾಂತ ಅಭ್ಯಾಸಬಲದಿಂದ ಶೆಲ್ಫಿನ ಮೇಲಿನ ಬಿಸ್ಕತ್ತಿನ ಡಬ್ಬಕ್ಕೆ ಕೈಹಾಕಿದ. "ನೂರ್ರೂಪಾಯಿ ತಗೋತೀನಿ."

ವಾಣಿ ಡಬ್ಬದ ಮುಚ್ಚಳದ ಮೇಲೆ ಅಂಗೈ ಊರಿದಳು.

"ಕೇಳು."

"ಕೇಳೋದಾ? ಡಬ್ಬಕ್ಕೆ ಯಾವತ್ತಕ್ಕಾ ಕೇಳಿದ್ದು ನಾವು?"

"ಇವತ್ತಿಂದ."

ಅವನು ನಗಲು ನೋಡಿದ. ಅವಳ ಮುಖ ನೋಡಿ ನಗು ಬರಲಿಲ್ಲ. "ನೂರ್ರೂಪಾಯಿ ಕೊಡ್ತೀಯಾ ಅಕ್ಕಾ?" ಅಂದ, ಬೇರೆಯವರ ಮನೆಯಲ್ಲಿ ಕೇಳುವವನ ಹಾಗೆ.

"ಇಲ್ಲ," ಅಂದಳು ವಾಣಿ.

ಅಮ್ಮ ಇದ್ದಿದ್ದರೆ ಏನನ್ನುತ್ತಿದ್ದಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಡಬ್ಬವನ್ನು ಚೀಲಕ್ಕೆ ಹಾಕಿಕೊಂಡು, ಇನ್ನೊಂದು ಚಪ್ಪಲಿ ಮೆಟ್ಟಿ, ಕಣ್ಣೊರೆಸಿಕೊಳ್ಳುತ್ತಾ ಬಸ್ ಸ್ಟಾಪಿನ ಕಡೆ ಇಳಿದಳು.