‘ಮೊದಲ ಯಾವುದು?’ ಎನ್ನುವ ಬಸಂತರಾಯ

ಸಿಂದಗಿಯ ಬಸಂತರಾಯ ಯಾವ ಕೆಲಸಕ್ಕೆ ಕೈಹಾಕುವ ಮುನ್ನವೂ ಒಂದು ಕ್ಷಣ ನಿಂತು, ಹೆಬ್ಬೆರಳಿನಿಂದ ಗದ್ದ ತೀಡಿಕೊಂಡು, ಎದುರಿಗೆ ಯಾರೂ ಇಲ್ಲದಿದ್ದರೂ “ಮೊದಲ ಯಾವುದು?” ಎಂದು ಕೇಳುತ್ತಾನೆ. ತಾಟಿನ ಮುಂದೆ ಕೂತರೂ ಇದೇ ಪ್ರಶ್ನೆ. ಶೇಂಗಾ ಹಿಂಡಿ ಮೊದಲೋ, ಬದನೆಕಾಯಿ ಪಲ್ಯ ಮೊದಲೋ ಎಂಬುದು ಇತ್ಯರ್ಥವಾಗುವಷ್ಟರಲ್ಲಿ ರೊಟ್ಟಿ ತಣ್ಣಗಾಗಿರುತ್ತದೆ. ನಡಿಗೆಯಲ್ಲೂ ಈ ತಡವರಿಕೆ ಉಂಟು: ಪ್ರತಿ ಹೊಸ್ತಿಲ ಮುಂದೆ ನಿಂತು, ಬಲಗಾಲೋ ಎಡಗಾಲೋ ಎಂದು ಮನಸ್ಸಿನಲ್ಲೇ ಪಂಚಾಯ್ತಿ ನಡೆಸಿ, ಆಮೇಲೆ ಒಳಗೆ. ಬೇಸಿಗೆಯ ಧಗೆಯಲ್ಲೂ ಬಿಡದ ಅವನ ಕಂದು ಜಾಕೀಟಿನ ಕಿಸೆಯಲ್ಲಿ ಚಾವಿಯ ಮೇಲೆ ಕರವಸ್ತ್ರ, ಕರವಸ್ತ್ರದ ಮೇಲೆ ಚಷ್ಮಾ. ಚಾವಿ ಬೇಕಾದರೆ ಮೊದಲು ಚಷ್ಮಾ ಹೊರಬರಬೇಕು. ಕಾಲೇಜಿನಲ್ಲಿ ಭೂಗೋಳ ಕಲಿಸುವವನಿಗೆ ಭೂಮಿಯ ಪದರಗಳ ಸಹವಾಸವೇ ಈ ಗುಣವನ್ನು ಕಲಿಸಿತೋ, ಈ ಗುಣವೇ ಅವನನ್ನು ಭೂಗೋಳಕ್ಕೆ ಎಳೆದು ತಂದಿತೋ, ಹೇಳುವುದು ಕಷ್ಟ.

ಇಂಥವನ ಕೈಗೆ ಆ ಹಳೆಯ ಕಂಪ್ಯೂಟರ್ ಆಟ ಸಿಕ್ಕಿದ್ದು ವಿಧಿಯ ಕುಚೋದ್ಯವೇ ಸರಿ. ಅಲೆಮಾರಿ ವೀರನ ಪಾತ್ರ ವಹಿಸಿ, ಸಂಗಾತಿಗಳನ್ನು ಕೂಡಿಸಿಕೊಂಡು, ಊರೂರು ತಿರುಗುವ ಆಟ ಅದು. ಕಾಲೇಜು ಓದುವಾಗ ವಿಜಯಪುರದ ಬಾಡಿಗೆ ಕೋಣೆಯಲ್ಲಿ, ಮುದ್ದೇಬಿಹಾಳದ ಗೆಳೆಯ ಜುಲ್ಫಿಕರನ ಜೊತೆ ಅದನ್ನು ಆಡಿ ಮುಗಿಸಿದ್ದ. ಈಗ ಅದಕ್ಕೆ ಅಭಿಮಾನಿಗಳೇ ತಯಾರಿಸಿದ, ‘ಮಾಡ್’ ಎಂದು ಕರೆಯುವ ಸೇರ್ಪಡೆಗಳು ರಾಶಿ ಬಿದ್ದಿವೆ. ಒಂದು ಹಳೆಯ ತಪ್ಪು ತಿದ್ದುತ್ತದೆ, ಇನ್ನೊಂದು ಹೊಸ ಊರು ಕಟ್ಟುತ್ತದೆ, ಮತ್ತೊಂದು ಸತ್ತ ಸಂಗಾತಿಯನ್ನು ಎಬ್ಬಿಸಿ ಕೂರಿಸುತ್ತದೆ. ಎರಡು ಮಾಡ್‌ಗಳು ಒಂದೇ ಜಾಗವನ್ನು ಮುಟ್ಟಿದರೆ ಆಮೇಲೆ ಹಾಕಿದ್ದು ಉಳಿಯುತ್ತದೆ, ಮೊದಲು ಹಾಕಿದ್ದು ಮುಚ್ಚಿಹೋಗುತ್ತದೆ. ಕ್ರಮ ತಪ್ಪಿದರೆ ವೀರ ರುಂಡವಿಲ್ಲದೆ ತಿರುಗುವುದೂ ಉಂಟು. ಬಸಂತರಾಯ ವರ್ಷಗಳಿಂದ ಈ ಕ್ರಮವನ್ನು ಕೂಡಿಸುತ್ತ, ಅಳಿಸುತ್ತ, ಮತ್ತೆ ಕೂಡಿಸುತ್ತ ಬಂದನೇ ಹೊರತು ಆಟ ಶುರುಮಾಡಿರಲಿಲ್ಲ.

“ಕೂಸು ಹುಟ್ಟೂಕಿಂತ ಮೊದಲ ಕುಲಾವಿ ಹೊಲಿಸಿದಂಗಾತ್ರಿ ನಿಮ್ಮ ಕೆಲಸ,” ಎಂದು ಹೆಂಡತಿ ಸುನಂದಾ ನಗುತ್ತಿದ್ದಳು.

“ಬುನಾದಿ ಗಟ್ಟಿ ಇರಬೇಕಲ್ಲ,” ಎಂಬುದು ಅವನ ಸಿದ್ಧ ಉತ್ತರ.

ಈ ತಮಾಷೆಯೊಳಗೆ ನೋವು ಬಂದು ಕೂತದ್ದು ಕಳೆದ ವರ್ಷ. ಜುಲ್ಫಿಕರನದು ಮುದ್ದೇಬಿಹಾಳದಲ್ಲಿ ಬಟ್ಟೆ ಅಂಗಡಿ. ಅವನು ಕಟ್ಟೆಯ ಮೇಲೆ ಕೂತು “ಬರ್ರಿ” ಎಂದರೆ ನಾಲತವಾಡದ ಬಸ್ಸಿಗೆ ಹೊರಟವರೂ ತಿರುಗಿ ಬರಬೇಕು, ಅಂಥ ಕಂಠ. ಆ ಗಂಟಲಿಗೇ ಕ್ಯಾನ್ಸರ್ ಹುಣ್ಣು ಬಿತ್ತು. ಧ್ವನಿಪೆಟ್ಟಿಗೆ ತೆಗೆಯದೆ ಜೀವ ಉಳಿಯದು ಎಂದರು ವೈದ್ಯರು. ಶಸ್ತ್ರಚಿಕಿತ್ಸೆಗೆ ಹೋಗುವ ಮುನ್ನ ಅವನು ಗೆಳೆಯನ ಎದುರು ಕೂತು, ಆಟದಲ್ಲಿ ಬರುವ ಖಾನಾವಳಿ ಯಜಮಾನನ ಮಾತುಗಳನ್ನು ತನ್ನ ಊರಿನ ಕನ್ನಡದಲ್ಲಿ ಆಡಿ ರೆಕಾರ್ಡ್ ಮಾಡಿಸಿದ. ಬಸಂತರಾಯ ಅದನ್ನೊಂದು ಪುಟ್ಟ ಮಾಡ್ ಮಾಡಿದ.

“ದನಿ ಗಂಟು ಕಟ್ಟಿ ಇಡಬ್ಯಾಡ,” ಎಂದಿದ್ದ ಜುಲ್ಫಿಕರ. “ಬಂದವರನ್ನ ನಾ ಕರೀತಿರಬೇಕು.”

ಬಸಂತರಾಯ ಮಾತು ಕೊಟ್ಟ. ಆದರೆ ಎಷ್ಟು ಸಲ ಹಾಕಿ ಪರೀಕ್ಷಿಸಿದರೂ ಖಾನಾವಳಿಯವನ ಬಾಯಿಂದ ಹಳೆಯ ಇಂಗ್ಲಿಷೇ ಬರುತ್ತಿತ್ತು. ಉಳಿದ ಮಾಡ್‌ಗಳನ್ನೆಲ್ಲ ಅವನು ಹಿಂದೆ ಮುಂದೆ ಸರಿಸಿದ. ಗೆಳೆಯನದನ್ನು ಮಾತ್ರ ಮೊದಲ ಸ್ಥಾನದಿಂದ ಕದಲಿಸಲಿಲ್ಲ. ಮೊದಲ ಪಂಕ್ತಿಯಲ್ಲಿ ಕೂರಿಸಿ ಬಡಿಸಬೇಕಾದವನನ್ನು ಕಡೆಗೆ ತಳ್ಳುವುದು ಅವನಿಗೆ ಹೊಳೆಯುವ ಮಾತೇ ಅಲ್ಲ. ಗೆಳೆಯನಿಗೆ ಕೊಟ್ಟ ಮಾತು ಉಳಿಯಲಿಲ್ಲವೆಂಬ ಸಂಕಟ ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಒಂದು ಆದಿತ್ಯವಾರ ಜುಲ್ಫಿಕರ ಹೆಂಡತಿ ಯಾಸ್ಮಿನಳ ಜೊತೆ ಸಿಂದಗಿಗೆ ಬಂದ, ಕೊರಳಿಗೆ ತೆಳುವಾದ ಬಟ್ಟೆ ಸುತ್ತಿಕೊಂಡು. ಬಸಂತರಾಯ ತಪ್ಪಿತಸ್ಥನ ಹಾಗೆ ಆಟ ತೆರೆದು ತೋರಿಸಿದ. ಖಾನಾವಳಿಯ ಬಾಗಿಲು ತೆರೆಯಿತು. ಯಜಮಾನ ಇಂಗ್ಲಿಷಿನಲ್ಲಿ ಒದರಿದ.

“ಇರ್ಲಿ ಬಿಡ್ರಿ ಅಣ್ಣಾರ,” ಎಂದಳು ಯಾಸ್ಮಿನ. ಮುಖ ಮಾತ್ರ ಬಾಡಿತ್ತು.

ಜುಲ್ಫಿಕರ ಮಾಡ್‌ಗಳ ಕ್ರಮವನ್ನು ತೆಗೆಸಿ ನೋಡಿದ. ತನ್ನದು ಎಲ್ಲಕ್ಕಿಂತ ಮೊದಲು ಇರುವುದು ಕಂಡದ್ದೇ ಅವನ ಭುಜಗಳು ಸದ್ದಿಲ್ಲದೆ ಕುಲುಕತೊಡಗಿದವು. ನಗುತ್ತಿದ್ದ. ಆಮೇಲೆ ಫೋನಿನಲ್ಲಿ ಬರೆದು ಗೆಳೆಯನ ಮುಂದೆ ಹಿಡಿದ: “ಬಸ್ಯಾ, ನಾ ಏನ್ ಬೀಗನೇನೋ, ಮೊದಲ ಪಂಕ್ತಿಗೆ ಕುಂಡ್ರಸಾಕ? ಖಾನಾವಳಿ ನಂದು. ಮನಿಯಾಂವ ಕಡೀಗೆ ಉಣ್ಣತಾನ.”

ಬಸಂತರಾಯ ಗದ್ದ ತೀಡಿಕೊಳ್ಳಲಿಲ್ಲ, ಏನನ್ನೂ ಕೇಳಲಿಲ್ಲ. ಎಲ್ಲವನ್ನೂ ತೆಗೆದು ಮತ್ತೆ ಹಾಕಿದ, ಗೆಳೆಯನದನ್ನು ಎಲ್ಲಕ್ಕಿಂತ ಕಡೆಗೆ. ಸುನಂದಾ ಬಡಿಸಿಟ್ಟು ಕರೆದರೂ ಯಾರೂ ಏಳಲಿಲ್ಲ. ಕೊನೆಗೆ ಖಾನಾವಳಿಯ ಬಾಗಿಲು ತೆರೆಯಿತು.

“ಬರ್ರಿ, ಒಳಗ ಬರ್ರಿ! ಹೊರಗ್ಯಾಕ ನಿಂತೀರಿ? ಕೈಕಾಲ ತೊಳಕೋರಿ, ರೊಟ್ಟಿ ಬಿಸಿ ಅದಾವ.”

ಯಾಸ್ಮಿನ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಜುಲ್ಫಿಕರನ ತುಟಿಗಳು ಆ ಮಾತಿನ ಜೊತೆಜೊತೆಗೇ ಅಲುಗುತ್ತಿದ್ದವು. ಬಸಂತರಾಯ ಚಷ್ಮಾ ತೆಗೆದು, ಕರವಸ್ತ್ರ ತೆಗೆದು, ಎಲ್ಲರೆದುರೇ ಅತ್ತ.

ಆಟದಲ್ಲಿ ಅವನು ಇವತ್ತಿಗೂ ಆ ಊರು ದಾಟಿಲ್ಲ. ಖಾನಾವಳಿಯಿಂದ ಹೊರಬರುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. ಸದಾ ಕ್ರಮ ಹುಡುಕುವವರನ್ನು ಲೋಕ ಕಾಲಹರಣದವರೆಂದು ಜರಿಯುತ್ತದೆ. ನಿಜವೇ, ಅವರ ರೊಟ್ಟಿ ಆರುತ್ತದೆ, ಬಸ್ಸು ತಪ್ಪುತ್ತದೆ. ಆದರೆ ಪ್ರೀತಿಯನ್ನು ಬಾಯಿಬಿಟ್ಟು ಹೇಳಲಾರದ ಈ ಜನಕ್ಕೆ, ಯಾರನ್ನು ಎಲ್ಲಿ ಕೂರಿಸಲಿ ಎಂದು ಒದ್ದಾಡುವುದೇ ಪ್ರೀತಿಸುವ ಬಗೆ. ಅವರು ತಪ್ಪುವುದೂ ಆ ಪ್ರೀತಿಯಿಂದಲೇ. ಇಂಥವರಿಗೆ ಜಗತ್ತಿನ ಪ್ರತಿ ಹೊಸ್ತಿಲೂ ಅಡ್ಡಿ, ಬೇಕಾದವರು ಒಳಗಿನಿಂದ ಕರೆಯುವ ತನಕ.