ಏಳು ಮೊಳದ ಕಂಬಗಳು

ಕಾವೇರಿತೀರ ಶಿಲ್ಪಿಗಳ ಸಂಘದಲ್ಲಿ ಅದುವರೆಗೆ ಒಮ್ಮತದಿಂದ ಆದ ನಿರ್ಣಯ ಒಂದೇ ಒಂದು. ಸಂಘವನ್ನು ಮುಳುಗಿಸುವ ಹಂತಕ್ಕೆ ತಂದಿದ್ದೂ ಅದೇ ನಿರ್ಣಯ.

ಅಧ್ಯಕ್ಷೆ ಮುತ್ತಮ್ಮ ಕುಶಾಲನಗರದ ಹತ್ತಿರದವಳು. ಅವಳ ಅಜ್ಜ ಹಾಸನದ ಕಡೆಯಿಂದ ಉಳಿ ಸುತ್ತಿಗೆ ಹೊತ್ತು ಬಂದು ಅಲ್ಲಿ ನೆಲೆ ನಿಂತವನು. ಅಪ್ಪನಿಂದ ಅವಳು ಕಲಿತದ್ದು ಒರಳು, ಬೀಸುಕಲ್ಲು, ಹೆಚ್ಚೆಂದರೆ ನಾಗರಕಲ್ಲು. ಸಂತೆಯಲ್ಲಿ ಅವಳ ಹೆಸರೇ ಒರಳುಕಲ್ಲು ಮುತ್ತಮ್ಮ. ಅವಳನ್ನು ಅಧ್ಯಕ್ಷೆ ಮಾಡಿದ್ದು ಯಾರ ಪ್ರೀತಿಯಿಂದಲೂ ಅಲ್ಲ. ದೇವರ ವಿಗ್ರಹ ಕಡೆಯುವ ಸಣ್ಣಸ್ವಾಮಿ ಅಧ್ಯಕ್ಷನಾದರೆ ತಿತಿಮತಿಯ ಗುರುವಪ್ಪ ಸಂಘಕ್ಕೆ ಕಾಲಿಡುವುದಿಲ್ಲ. ಗುರುವಪ್ಪ ಆದರೆ ಸಣ್ಣಸ್ವಾಮಿ ಮುಖ ತಿರುಗಿಸುತ್ತಾನೆ. ಇಬ್ಬರೂ ತಮಗೆ ಸಿಗದ ಕುರ್ಚಿಯಲ್ಲಿ, ಯಾರಿಗೂ ಅಪಾಯವಿಲ್ಲದವಳೆಂದು ಇವಳನ್ನು ಕೂರಿಸಿದರು.

ಅವಳಾದರೋ ಆ ಕುರ್ಚಿಯನ್ನು ನಿಜವೆಂದೇ ನಂಬಿಬಿಟ್ಟಳು. ಬಸ್ಸು, ಜೀಪು, ಯಾರದೋ ಬೈಕಿನ ಹಿಂದಿನ ಸೀಟು, ಸಿಕ್ಕಿದ್ದರಲ್ಲಿ ಸುತ್ತಾಡಿ, ಒಂದೊಂದು ಶೆಡ್ಡಿನಲ್ಲಿ ಒಬ್ಬೊಬ್ಬನೇ ಗೊಣಗುತ್ತ ಕಲ್ಲು ಕುಟ್ಟುತ್ತಿದ್ದವರನ್ನೆಲ್ಲ ಒಂದೆಡೆ ಸೇರಿಸಿದಳು. ಸಂಘಕ್ಕೆ ಮೊದಲ ಕೆಲಸವನ್ನು ಹಿಡಿದು ತಂದವಳೂ ಅವಳೇ.

ಆ ಕೆಲಸ ಕೊಟ್ಟವರು ಅಮ್ಮತ್ತಿಯಾಚೆಗಿನ ಕಾಫಿ ತೋಟದ ಪೂವಮ್ಮ. ಅವರ ಗಂಡ ತೀರಿಕೊಂಡು ವರ್ಷ ಆಗುತ್ತ ಬಂದಿತ್ತು. ಮನೆಯಲ್ಲಿ ಜೀಪಿದ್ದರೂ ಆ ಮನುಷ್ಯ ಪೇಟೆಗೆ ಹೋಗುತ್ತಿದ್ದುದು ಬಸ್ಸಿನಲ್ಲೇ. ರಸ್ತೆ ತಿರುವಿನಲ್ಲಿ ನಿಂತು ಕೂಲಿಯವರ ಜೊತೆ ಹರಟುವುದೇ ಅವರ ಸುಖ. ಬಸ್ಸು ತಡವಾದಷ್ಟೂ ಖುಷಿ. ಆ ತಿರುವಿನಲ್ಲೇ ಅವರ ನೆನಪಿಗೆ ಒಂದು ಬಸ್ ತಂಗುದಾಣ ಕಟ್ಟಿಸಬೇಕು, ಅದು ಕಲ್ಲಿನದಾಗಿರಬೇಕು, ಇಲ್ಲಿಯವರೇ ಕೈಯಲ್ಲಿ ಕೆತ್ತಿದ್ದಾಗಿರಬೇಕು, ವರ್ಷದ ತಿಥಿಗೆ ಮುಗಿದಿರಬೇಕು ಎಂದು ಪೂವಮ್ಮ ಹೇಳಿದರು. ನಾಲ್ಕು ಕಂಬ, ಮೇಲೆ ತೊಲೆಗಳು, ಕಲ್ಲಿನ ಚಾವಣಿ. ಮುತ್ತಮ್ಮ, ಸಣ್ಣಸ್ವಾಮಿ, ಗುರುವಪ್ಪ, ಗೋಣಿಕೊಪ್ಪಲಿನ ಗಿರಿ, ತಲೆಗೊಂದು ಕಂಬ. ಒರಳಿನ ಮುತ್ತಮ್ಮ ಕಂಬ ಕೆತ್ತುವುದು ಅದೇ ಮೊದಲು.

ಗೋಣಿಕೊಪ್ಪಲಿನ ಅಂಗಡಿಯೊಂದರ ಮಹಡಿಯಲ್ಲಿ ಸಭೆ ಸೇರಿತು. ಕಂಬದ ಎತ್ತರವನ್ನು ಟೇಪು ಹಿಡಿದು ಅಡಿಯಲ್ಲಿ ಗುರುತು ಮಾಡಿಕೊಳ್ಳೋಣ ಎಂದು ಗಿರಿ ಹೇಳಿದ್ದೇ ತಡ, ಟೇಪು ಇರುವುದು ದರ್ಜಿಗಳಿಗೆ ಎಂದು ಸಣ್ಣಸ್ವಾಮಿ ಗುಡುಗಿದ. ನಮ್ಮ ಕೆಲಸ ಮೊಳದ ಲೆಕ್ಕದ್ದು, ಏಳು ಮೊಳದ ಕಂಬ, ಅಷ್ಟೇ ಎಂದ. ಆಗ ನಡೆಯಿತು ಪವಾಡ. ಗುರುವಪ್ಪ ಹೌದೆಂದು ತಲೆಯಾಡಿಸಿದ! ಈ ಇಬ್ಬರೂ ಒಂದೇ ಮಾತಿಗೆ ತಲೆಯಾಡಿಸಿದ್ದನ್ನು ಕಂಡ ಮುತ್ತಮ್ಮನಿಗೆ ಕಣ್ಣು ತುಂಬಿ ಬಂತು. ಯಾರಾದರೂ ಮನಸ್ಸು ಬದಲಿಸುವ ಮೊದಲೇ ನಿರ್ಣಯ ಬರೆಸಿ, ಚಹಾ ತರಿಸಿ, ಸಭೆ ಮುಗಿಸಿಬಿಟ್ಟಳು.

ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಅಳತೆ. ಕಲ್ಲಿನ ಕೆಲಸದ ಮನೆಗಳಲ್ಲಿ ಹಿರಿಯನ ಕೈಗೆ ಹಿಡಿದು ಕತ್ತರಿಸಿದ ಒಂದು ಮೊಳಕೋಲು ಇರುತ್ತದೆ, ಮೊಮ್ಮಕ್ಕಳೂ ಅದರಲ್ಲೇ ಅಳೆಯುತ್ತಾರೆ. ಸಣ್ಣಸ್ವಾಮಿಯ ಅಜ್ಜ ಬಾಗಿಲಲ್ಲಿ ಬಗ್ಗಿ ಬರುತ್ತಿದ್ದ ಆಳು. ಗುರುವಪ್ಪನಿಗೆ ಕೋಲು ಕೊಟ್ಟ ಗುರು ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಏಳು ಮೊಳ ಸರಿ, ಯಾರ ಮೊಳ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ. ಕೇಳಬೇಕಾದ ಅಧ್ಯಕ್ಷೆ ಚಹಾ ಹಂಚುತ್ತಿದ್ದಳು.

ತಿಥಿಗೆ ಸ್ವಲ್ಪವೇ ದಿನವಿರುವಾಗ ನಾಲ್ಕು ಕಂಬಗಳೂ ತಿರುವಿಗೆ ಬಂದು ಹುಲ್ಲಿನ ಮೇಲೆ ಸಾಲಾಗಿ ಮಲಗಿದವು. ಕೆತ್ತನೆ ಒಂದಕ್ಕಿಂತ ಒಂದು ಚೆಂದ. ಎತ್ತರ ಮಾತ್ರ ಅಪ್ಪ, ಅಮ್ಮ, ಮಕ್ಕಳು. ಸಣ್ಣಸ್ವಾಮಿಯದು ಎಲ್ಲಕ್ಕಿಂತ ಉದ್ದ, ಗುರುವಪ್ಪನದು ಎಲ್ಲಕ್ಕಿಂತ ಗಿಡ್ಡ, ನಡುವೆ ಗಿರಿಯದೂ ಮುತ್ತಮ್ಮನದೂ. ಉದ್ದಕ್ಕೂ ಗಿಡ್ಡಕ್ಕೂ ಒಂದು ಗೇಣಿಗಿಂತ ಹೆಚ್ಚು ಅಂತರ. ಎಲ್ಲರೂ ಒಟ್ಟಿಗೇ ಬಾಯಿ ತೆರೆದರು.

ಉದ್ದದ ಕಂಬಗಳ ತುದಿ ಕತ್ತರಿಸಿದರೆ ಅಲ್ಲಿ ಕೆತ್ತಿದ ತಾವರೆ ಹೋಗುತ್ತದೆ, ಬುಡ ಕತ್ತರಿಸಿದರೂ ಹೂತರೂ ಅಲ್ಲಿಯ ಕೆತ್ತನೆ ಹೋಗುತ್ತದೆ.

“ನನ್ ಕಂಬದ್ ತಲೆ ತೆಗುದ್ರೆ ನನ್ ತಲೇನೇ ತೆಗ್ದಂಗೆ ಕಣಮ್ಮ,” ಎಂದ ಸಣ್ಣಸ್ವಾಮಿ.

ಗಿಡ್ಡ ಕಂಬಗಳ ಕೆಳಗೆ ಕಾಂಕ್ರೀಟಿನ ದಿಮ್ಮಿ ಇಡೋಣವೆಂದರೆ ಗುರುವಪ್ಪ ಕೆರಳಿದ. “ಎಂತ ಮುತ್ತಮ್ಮ, ನನ್ನ ಕಂಬಕ್ಕೆ ಸ್ಟೂಲು ಕೊಡುದಾ? ಬಸ್ಸಿಗೆ ಬರುವವರೆಲ್ಲ ನೋಡಿ ನಗ್ಲಿಕ್ಕಾ?”

ಕೊನೆಗೆ ಇಬ್ಬರೂ ಮತ್ತೊಮ್ಮೆ ಒಂದೇ ಮಾತಿಗೆ ಬಂದರು: ಸಂಘವೂ ಬೇಡ, ಸಹವಾಸವೂ ಬೇಡ. ಬೆಳಿಗ್ಗೆ ಲಾರಿ ತಂದು ಅವರವರ ಕಂಬವನ್ನು ಅವರವರು ಹೊತ್ತುಕೊಂಡು ಹೋಗುವುದೆಂದಾಯಿತು. ಪೂವಮ್ಮ ಬೈಯಲಿಲ್ಲ. ನೆಲ ಮಟ್ಟ ಮಾಡುವ ಜೆಸಿಬಿಗೆ ನಾಳೆ ಬರಲು ಹೇಳಿಯಾಗಿದೆ, ಕಲ್ಲಿನದು ಆಗದಿದ್ದರೆ ಕಾಂಕ್ರೀಟಿನದನ್ನೇ ತರಿಸುತ್ತೇನೆ, ತಿಥಿ ಯಾರಿಗೂ ಕಾಯುವುದಿಲ್ಲ ಎಂದು ಮೆಲ್ಲಗೆ ಹೇಳಿ ತೋಟದೊಳಗೆ ಹೋದರು. ಅವರು ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಮುತ್ತಮ್ಮನಿಗೆ.

ಅವಳಿಗೆ ನಾಚಿಕೆಯಾಗಿತ್ತು, ಅದಕ್ಕಿಂತ ಹೆಚ್ಚಾಗಿ ದುಃಖವಾಗಿತ್ತು. ಸಂಘ ಒಡೆದರೆ ಎಲ್ಲರೂ ತಂತಮ್ಮ ಶೆಡ್ಡಿಗೆ ಮರಳುತ್ತಾರೆ, ಹೊರಗಿನಿಂದ ಯಂತ್ರದ ಕೆತ್ತನೆ ಲಾರಿಗಟ್ಟಲೆ ಬರುವುದನ್ನು ನೋಡುತ್ತ ಕೂರುತ್ತಾರೆ. ತಾನು ಮತ್ತೆ ಒರಳುಕಲ್ಲು ಮುತ್ತಮ್ಮ. ಮಾಡಿದ ಆ ಒಂದು ಕಂಬ ಹಿತ್ತಿಲಲ್ಲಿ ದನ ಕಟ್ಟುವುದಕ್ಕೆ.

ಬೆಳಿಗ್ಗೆ ಲಾರಿಗಿಂತ ಮೊದಲು ಜೆಸಿಬಿ ಬಂತು. ಅದನ್ನು ಓಡಿಸುವ ಮಿಲನ್ ಎಂಬಾತ ರಸ್ತೆಬದಿಯ ಇಳಿಜಾರಿಗೆ ಬಕೆಟ್ಟು ಇಳಿಸಲು ಸಜ್ಜಾದ. ಕಾಫಿ ಹಣ್ಣು ಕೊಯ್ಯಲು ಪಿಕಿಂಗಿಗೆ ಹೋಗುವ ಹೆಂಗಸರು ಗಂಡಸರು ಅದೇ ಇಳಿಜಾರಿನಲ್ಲಿ ಜೀಪಿಗೆ ಕಾಯುತ್ತಿದ್ದರು. ರಸ್ತೆಯಂಚಿಗೆ ಒಬ್ಬ ಎತ್ತರದ ಆಳು, ಅವನ ಹಿಂದೆ ಸ್ವಲ್ಪ ಮೇಲೆ ಇಬ್ಬರು, ಎಲ್ಲಕ್ಕಿಂತ ಮೇಲೆ ತಲೆಗೆ ಬಟ್ಟೆ ಕಟ್ಟಿದ ಕುಳ್ಳಿ ಅಜ್ಜಿ. ಮುತ್ತಮ್ಮ ಸುಮ್ಮನೆ ನೋಡುತ್ತಿದ್ದವಳು ಮತ್ತೊಮ್ಮೆ ನೋಡಿದಳು. ನಾಲ್ಕು ತಲೆಗಳೂ ಒಂದೇ ಎತ್ತರಕ್ಕೆ ಬಂದಿದ್ದವು.

ಅವಳು ಓಡಿಹೋಗಿ ಬಕೆಟ್ಟಿನ ಮುಂದೆ ನಿಂತಳು. “ಒಂದ್ ಹಿಡಿ ಮಣ್ಣು ಮುಟ್ಟಂಗಿಲ್ಲ,” ಎಂದಳು. ಮಿಲನ್ ಎಂಜಿನ್ನು ಆರಿಸಿ, ಇದೇನು ಗ್ರಹಚಾರವೋ ಎಂಬಂತೆ ಬೀಡಿ ಹಚ್ಚಿದ.

ಈ ಕೊಡಗಿನಲ್ಲಿ ಮಟ್ಟವಾದ ನೆಲ ಎಲ್ಲಿದೆ ಹೇಳಿ! ಇಲ್ಲದ್ದನ್ನು ಯಂತ್ರ ಇಟ್ಟು ಮಾಡಹೊರಟವರು ನಾವು. ನೆಲವನ್ನು ಹಾಗೇ ಬಿಟ್ಟು, ಉದ್ದದ ಕಂಬವನ್ನು ಕೆಳಗೆ, ಗಿಡ್ಡದ್ದನ್ನು ಮೇಲೆ ನಿಲ್ಲಿಸಿದರೆ ತಲೆಗಳು ತಾವಾಗಿಯೇ ಸಮವಾಗುತ್ತವೆ, ಒಂದು ತಾವರೆಯ ಎಸಳೂ ಹೋಗುವುದಿಲ್ಲ. ಇದನ್ನೇ ಅವಳು ಲಾರಿಯ ಜೊತೆ ಬಂದವರಿಗೆ ಹೇಳಿದಳು. ಸಣ್ಣಸ್ವಾಮಿ ಮೂಗು ಮುರಿದ. ಗುರುವಪ್ಪ ಆಕಾಶ ನೋಡಿದ. ಗಿರಿ ಮಾತ್ರ ಎತ್ತರ ಸರಿನೋಡುವ, ನೀರು ತುಂಬಿದ ಪ್ಲಾಸ್ಟಿಕ್ ಕೊಳವೆ ತಂದು ಒಂದು ತುದಿಯನ್ನು ಅವಳ ಕೈಗಿತ್ತ. ಆ ನೀರಿನ ಮಟ್ಟ ಹಿಡಿದು ಇಬ್ಬರೂ ಇಳಿಜಾರಿನಲ್ಲಿ ಹತ್ತಿ ಇಳಿದು, ನಾಲ್ಕು ಜಾಗಕ್ಕೆ ಗೂಟ ಹೊಡೆದರು. ಅಲ್ಪಸ್ವಲ್ಪ ಏರುಪೇರನ್ನು ನೆಲದೊಳಗೆ ಹೂತುಹೋಗುವ ಬುಡಗಲ್ಲು ನುಂಗಿಕೊಳ್ಳುತ್ತಿತ್ತು.

ಇನ್ನುಳಿದದ್ದು ಇಬ್ಬರು ಗಂಡಸರ ಮನಸ್ಸು. ಮುತ್ತಮ್ಮ ಸಣ್ಣಸ್ವಾಮಿಯನ್ನು ಪಕ್ಕಕ್ಕೆ ಕರೆದು, ರಸ್ತೆಯ ಮುಂದೆಯೇ ನಿಲ್ಲುವ ಕಂಬ ನಿಮ್ಮದು, ಬಸ್ಸಿಳಿದವರ ಕಣ್ಣಿಗೆ ಮೊದಲು ಬೀಳುವುದು ಅದೇ ಎಂದಳು. ಗುರುವಪ್ಪನನ್ನು ಇನ್ನೊಂದು ಪಕ್ಕಕ್ಕೆ ಕರೆದು, ಎಲ್ಲಕ್ಕಿಂತ ಮೇಲಿನ ಜಾಗ ನಿಮ್ಮ ಕಂಬದ್ದು, ಸಣ್ಣಸ್ವಾಮಿಯದು ಅದರ ಕಾಲಬುಡದಲ್ಲಿ ಎಂದಳು. ಎರಡೂ ಅಪ್ಪಟ ಸತ್ಯವೇ. ಒಟ್ಟಿಗೆ ಹೇಳಲಿಲ್ಲ, ಅಷ್ಟೇ. ಲಾರಿ ಖಾಲಿಯಾಗಿಯೇ ವಾಪಸು ಹೋಯಿತು.

ಆಮೇಲಿನ ದಿನಗಳಲ್ಲಿ ಆ ತಿರುವು ಮದುವೆ ಮನೆಯಂತಾಯಿತು. ಕಂಬಗಳು ಎದ್ದು ನಿಂತವು. ಕಂಬಗಳ ನಡುವಿನ ನೆಲಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಹಾಸುಗಲ್ಲು ಬಂತು, ಕೂತು ಹರಟಲು ಹೇಳಿ ಮಾಡಿಸಿದ ಹಾಗೆ. ಸರಪಳಿಯಲ್ಲಿ ತೊಲೆಗಳನ್ನು ಎತ್ತಿ ಇಳಿಸುವಾಗ ಸಣ್ಣಸ್ವಾಮಿ ಈ ಬದಿಗೆ, ಗುರುವಪ್ಪ ಆ ಬದಿಗೆ ನಿಂತು, ಪರಸ್ಪರ ಮಾತು ಬಿಟ್ಟಿದ್ದುದನ್ನೂ ಮರೆತು ಒಬ್ಬರಿಗೊಬ್ಬರು ಕೂಗಿ ಹೇಳಿದರು. ಚಾವಣಿಯ ಕೊನೆಯ ಚಪ್ಪಡಿ ಕೂತ ಮೇಲೆ ಮುತ್ತಮ್ಮ ಏಣಿ ಹತ್ತಿ, ನಟ್ಟನಡುವೆ ಒಂದು ಚೆಂಬು ನೀರು ಸುರಿದಳು. ಕೆಳಗೆ ಎಲ್ಲರೂ ಕತ್ತೆತ್ತಿ ನಿಂತಿದ್ದರು. ನೀರು ಯಾವ ಕಡೆಗೂ ಓಡದೆ, ಸುತ್ತಲೂ ಒಂದೇ ಸಮನಾಗಿ ಹರಡಿ ನಿಂತಿತು.

“ನಿಂತಿದೆ,” ಎಂದಳು. ಕೆಳಗೆ ಎದ್ದ ಕೇಕೆಗೆ ತೋಟದ ಹಕ್ಕಿಗಳೆಲ್ಲ ಹಾರಿದವು.

ತಿಥಿಯ ದಿನ ಊಟವಾದ ಮೇಲೆ ಪೂವಮ್ಮ ಬಂದು ಮೇಲಿನ ಮೆಟ್ಟಿಲಲ್ಲಿ ಕೂತರು. ಕೂಲಿ ಹೆಂಗಸರು ಸುತ್ತ ಕೂತರು. ಬಸ್ಸು ಎಂದಿನಂತೆ ತಡ. “ಇವತ್ತು ಅವರಿದ್ದಿದ್ರೆ ಬಸ್ಸು ಬರುದೇ ಬೇಡ ಅಂತಿದ್ರು,” ಎಂದು ಪೂವಮ್ಮ ನಕ್ಕರು, ಸ್ವಲ್ಪ ಅತ್ತರು ಕೂಡ. ಆ ಬಸ್ಸಿನಲ್ಲಿದ್ದ ಅಮ್ಮತ್ತಿಯವರೊಬ್ಬರು ಇಳಿದು ಕಂಬಗಳನ್ನೆಲ್ಲ ಸವರಿ ನೋಡಿ, ತಮ್ಮೂರ ಶಾಲೆಯ ಮುಂದೆಯೂ ಇಂಥದೇ ಒಂದು ಬೇಕು, ಆದರೆ ಅಲ್ಲಿ ನೆಲ ಮಟ್ಟವಾಗಿದೆ ಎಂದರು.

ಮಟ್ಟದ ನೆಲ ಎಂದ ಕೂಡಲೇ ಎಲ್ಲರ ಮುಖವೂ ಪೆಚ್ಚಾಯಿತು. ಈ ಸಲ ಯಾರ ಮೊಳ? ಸಣ್ಣಸ್ವಾಮಿ ತನ್ನ ಅಜ್ಜನ ಕೋಲನ್ನು ಎತ್ತಲಿಲ್ಲ. ಗುರುವಪ್ಪನೂ ಗುರುವಿನ ಹೆಸರೆತ್ತಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಳೆಯುವಂತೆ ನೋಡಿದರು. ಆಮೇಲೆ ಸಣ್ಣಸ್ವಾಮಿ ಬೇಲಿಯಾಚೆಯ ಗಿಡದಿಂದ ಒಂದು ನೇರವಾದ ಕಾಫಿ ಕೋಲು ಮುರಿದು ತಂದು, ಎಲೆ ಸವರಿ, ಮುತ್ತಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತ.

“ಅಧ್ಯಕ್ಷರೇ, ಕೈ ಚಾಚಿ. ಇನ್ಮೇಲೆ ಸಂಘದ ಮೊಳ ಅಂದ್ರೆ ನಿಮ್ಮದೇ.”

ಗುರುವಪ್ಪ ಅವಳ ಮೊಣಕೈ ಕೆಳಗೆ ಕೋಲಿನ ಬುಡ ಒತ್ತಿ ಹಿಡಿದ. ಒರಳು ಕಡೆದು ಕಡೆದು ಗಂಟುಕಟ್ಟಿದ ಕೈ ಅದು. ಅವಳು ಅದನ್ನು ಉದ್ದಕ್ಕೆ ಚಾಚಿ, ಬೆರಳುಗಳನ್ನು ನೇರವಾಗಿ ಜೋಡಿಸಿದಳು.

“ಅಲುಗಬೇಡಿ ಅಧ್ಯಕ್ಷರೇ,” ಎಂದ ಸಣ್ಣಸ್ವಾಮಿ, ಚಾಕು ಹಿಡಿದು ಕಾಯುತ್ತ. “ನಮ್ ಮಕ್ಳು ಮೊಮ್ಮಕ್ಳೂ ಇದ್ರಲ್ಲೇ ಅಳೀಬೇಕು.”