ಒಂದಕ್ಷರವೂ ತಪ್ಪಿರಲಿಲ್ಲ

ಸೋಪು ಹಚ್ಚಿ ಎಷ್ಟು ಉಜ್ಜಿದರೂ ಅಪ್ಪನ ತೋರುಬೆರಳಿನ ಕೆಂಪು ಶಾಯಿ ಹೋಗಲಿಲ್ಲ. ಮಗಳು ಒದ್ದೆ ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಎದ್ದಳು. ಮೂವತ್ತೈದು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕೈ ಅದು. ಅವಳ ಓದಿನ ಸಾಲ ತೀರಲಿಲ್ಲವೆಂದು ಅರವತ್ತಾರು ದಾಟಿದರೂ ಕೆಲಸಕ್ಕೆ ಹೋಗುತ್ತಿದ್ದ ಮನುಷ್ಯ, ನಿನ್ನೆ ಮಧ್ಯಾಹ್ನ ಪ್ರೆಸ್ಸಿನ ಮೇಜಿನ ಮೇಲೆ ತಲೆಯಿಟ್ಟವನು ಏಳಲಿಲ್ಲ.

ಹಜಾರದಲ್ಲಿ ಸೋದರಮಾವ ಆಗಲೇ ಶುರುಮಾಡಿದ್ದ. ಬ್ಯಾಂಕಿನವರು ಬೆಳಿಗ್ಗೆ ಫೋನ್ ಮಾಡಿ ಸಂತಾಪ ಹೇಳಿದರಂತೆ. ಅದರ ಬೆನ್ನಲ್ಲೇ, ಜಾಮೀನಿಗೆ ಇನ್ನೊಬ್ಬರ ಸಹಿ ಬೇಕು, ಅಮ್ಮನದಾದರೂ ನಡೆಯುತ್ತದೆ ಎಂದರಂತೆ. ಎಂಥ ದೊಡ್ಡ ಮನಸ್ಸು ನೋಡಿ.

"ಓದಿದವಳು ಅವಳು, ತೀರಿಸೋದೂ ಅವಳೇ. ನೀನ್ಯಾಕಕ್ಕ ಸಿಕ್ಕಾಕೋತೀಯ?" ಎಂದ ಮಾವ.

ಅಮ್ಮ ಗೋಡೆ ನೋಡುತ್ತಲೇ ಹೇಳಿದಳು: "ಓದ್ಸಿದ್ದು ನಾವು ಕಣೋ. ಎಲ್ಲಿ ಅಂದ್ರೆ ಅಲ್ಲಿ ಸಹಿ ಹಾಕ್ತೀನಿ."

ಮಗಳಿಗೆ ಮೈಯೆಲ್ಲ ಉರಿಯಿತು. ತಪ್ಪು ಅವಳದೋ ಅಪ್ಪ ಅಮ್ಮನದೋ ಎಂದು ಹಂಚುವವರ ಬಾಯಲ್ಲಿ ಕಾಲೇಜಿನ ಮಾತೇ ಬರುತ್ತಿರಲಿಲ್ಲ.

*

ಆ ಕಾಲೇಜಿನ ಮಾಹಿತಿ ಪುಸ್ತಕ ಅಚ್ಚಾದದ್ದು ಅಪ್ಪನ ಪ್ರೆಸ್ಸಿನಲ್ಲೇ. ಮಾನ್ಯತೆ ಪಡೆದ ಲ್ಯಾಬ್ ಕೋರ್ಸು, ಮುಗಿದ ಕೂಡಲೇ ಉದ್ಯೋಗ. ‘ಉಧ್ಯೋಗ’ ಎಂದಿದ್ದ ಕಡೆಯೆಲ್ಲ ಅಪ್ಪ ಹೊಟ್ಟೆ ಸೀಳಿದ ಧಕಾರ ತೆಗೆಸಿ, ಪುಸ್ತಕವನ್ನು ಮನೆಗೆ ತಂದಿದ್ದ.

"ಒಂದಕ್ಷರ ತಪ್ಪಿಲ್ಲ ನೋಡು ಮಗಳೇ."

ತಪ್ಪು ಹುಡುಕುವುದೇ ಕಸುಬಾಗಿದ್ದವನಿಗೆ, ತಪ್ಪಿಲ್ಲದ ಪುಟವೂ ಸುಳ್ಳು ಹೇಳೀತು ಎಂದು ಹೊಳೆಯಲೇ ಇಲ್ಲ. ಮಗಳನ್ನು ಅಲ್ಲೇ ಸೇರಿಸಿ, ಬ್ಯಾಂಕಿನ ಸಾಲಕ್ಕೆ ತಾನೇ ಜಾಮೀನು ಸಹಿ ಹಾಕಿದ. ಎರಡನೇ ವರ್ಷ ಕೋರ್ಸಿಗೆ ಮಾನ್ಯತೆಯೇ ಇಲ್ಲವೆಂದು ಗೊತ್ತಾಯಿತು. ಶುಲ್ಕ ವಾಪಸು ಕೇಳಲು ಹೋದರೆ ಕಾಲೇಜಿನ ನಿರ್ದೇಶಕರು ಕೂರಿಸಿ ನಗುತ್ತಾ ಹೇಳಿದರು: "ಪುಸ್ತಕ ತಿದ್ದಿದವರು ನೀವೇ ಅಲ್ವಾ ಯಜಮಾನ್ರೇ?"

ಅಪ್ಪ ತಲೆ ತಗ್ಗಿಸಿ ಎದ್ದು ಬಂದ. ಸಾಯುವವರೆಗೂ ಅದನ್ನು ತನ್ನ ತಪ್ಪೆಂದೇ ನಂಬಿದ್ದ.

*

ಶವಪೆಟ್ಟಿಗೆ ಎತ್ತುವ ಹೊತ್ತಿಗೆ ಆ ನಿರ್ದೇಶಕರ ಕಾರು ಬಂತು. ಇಳಿದವರು ಪ್ರೆಸ್ಸಿನ ಮಾಲೀಕನನ್ನು ಮಾತಾಡಿಸಿ, ನೇರ ಬಂದು ಪೆಟ್ಟಿಗೆಯ ಮುಂದಿನ ಮೂಲೆ ಹಿಡಿದರು. ನಾಲ್ಕು ಜನ ನೋಡುವಾಗ ಹೆಗಲು ಕೊಡುವುದು ಇಂಥವರಿಗೆ ಚೆನ್ನಾಗಿ ಗೊತ್ತು.

"ಕೈ ತೆಗೀರಿ," ಎಂದಳು ಮಗಳು.

ಮಾವ ಬಂದು ಅವಳ ತೋಳು ಹಿಡಿದ. ದೊಡ್ಡ ಮನುಷ್ಯರು, ಈ ಹೊತ್ತಲ್ಲಿ ರಾದ್ಧಾಂತ ಬೇಡ ಎಂದು ಗೊಣಗಿದ.

"ಅಮ್ಮನ ಸಹಿ ಬೇಡ ಮಾವ, ಇವರದ್ದು ಹಾಕ್ಸಿ. ಸಾಲಕ್ಕೆ ಹೆಗಲು ಕೊಡ್ತಾರಾ ಕೇಳಿ. ಕೊಡಲ್ಲ ಅಂದ್ರೆ ನಮ್ಮಪ್ಪನ್ನ ಮುಟ್ಟೋದು ಬೇಡ."

ನಿರ್ದೇಶಕರು ಸುತ್ತ ನೋಡಿದರು. ಅಂಗಿಯ ತೋಳು ಸರಿಮಾಡಿಕೊಂಡು ಕಾರು ಹತ್ತಿದರು.

ಖಾಲಿಯಾದ ಮೂಲೆಗೆ ಅವಳೇ ಹೆಗಲು ಕೊಟ್ಟಳು. ಉಳಿದ ಮೂವರು ಎತ್ತರದ ಗಂಡಸರು, ಅವಳು ಕುಳ್ಳಿ. ಹತ್ತು ಹೆಜ್ಜೆ ಇಡುವಷ್ಟರಲ್ಲಿ ಪೆಟ್ಟಿಗೆ ಅವಳ ಕಡೆಗೇ ವಾಲಿತು. ಒಳಗಿನ ಭಾರವೆಲ್ಲ ಸರಿದು ಅವಳ ಹೆಗಲ ಮೇಲೆ ಬಂತು. ಬೀದಿಯಲ್ಲಿ ನಿಂತವರು ಗೌರವದಿಂದ ದಾರಿ ಬಿಟ್ಟರು. ಒಬ್ಬರೂ ಕೈ ಹಾಕಲಿಲ್ಲ.